ಪ್ಲಗ್ ಬದಲಿಸಿದ ಮೇಲೆ ಎಂಜಿನ್ ಮಿಸ್ ಹೊಡೆಯುತ್ತಿದೆಯೇ? ಕಾರಣ ಹುಡುಕುವ ಸರಿಯಾದ ಕ್ರಮ

ಸ್ಪಾರ್ಕ್ ಪ್ಲಗ್ ಬದಲಿಸುವವರೆಗೂ ಕಾರು ಚೆನ್ನಾಗಿಯೇ ಇತ್ತು. ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ನಡುಗುತ್ತಿದೆ, ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು, ಪಿಕಪ್ ಇಲ್ಲವೇ ಇಲ್ಲ. ಮಿಸ್ ಹೊಡೆಯುವುದು ಅಂದರೆ ಇದೇ, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಈ ದೂರು ಕೇಳಿದಾಗಲೆಲ್ಲ ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: "ಕಾಯಿಲ್ ಹೋಗಿರಬೇಕು ಅಂದ್ರು, ಹೊಸದು ಹಾಕಿಸಿದೆ. ಆದ್ರೂ ಹಾಗೇ ಇದೆ." ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಆದ ಮೇಲೆ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಕ್ಲೀನಿಂಗ್, ಆಮೇಲೆ ಥ್ರಾಟಲ್ ಬಾಡಿ, ಆಮೇಲೆ ಯಾವುದೋ ಸೆನ್ಸರ್. ದುಡ್ಡು ಹೋಗುತ್ತಲೇ ಇರುತ್ತದೆ, ಎಂಜಿನ್ ನಡುಗುತ್ತಲೇ ಇರುತ್ತದೆ.

ನಿನ್ನೆ ಚೆನ್ನಾಗಿ ಓಡಿದ ಇಂಜೆಕ್ಟರ್, ಸೆನ್ಸರ್ ಎಲ್ಲ ಇವತ್ತು ನೀವು ಬಾನೆಟ್ ಎತ್ತಿದ ಆ ಅರ್ಧ ಗಂಟೆಯಲ್ಲೇ ತಾವಾಗಿ ಕೆಡುವುದು ತೀರಾ ಅಪರೂಪ. ಕೈ ಎಲ್ಲಿ ಮುಟ್ಟಿದೆಯೋ ಅಲ್ಲೇ ಎಲ್ಲೋ ತಪ್ಪಿದೆ. ಹಾಗಾಗಿ ಏನೇನು ಬಿಚ್ಚಿದಿರೋ ಅದನ್ನು ಉಲ್ಟಾ ಕ್ರಮದಲ್ಲಿ ನೋಡುತ್ತ ಹೋಗಬೇಕು. ಕೊನೆಗೆ ಜೋಡಿಸಿದ್ದನ್ನು ಮೊದಲು ನೋಡಿ. ಹೊಸ ಪಾರ್ಟ್ ಕೊಳ್ಳುವ ಮಾತು ಸದ್ಯಕ್ಕೆ ಬೇಡ.

ಆದರೆ ಒಂದು ಪ್ರಶ್ನೆಗೆ ಮೊದಲು ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಪ್ಲಗ್ ಬದಲಿಸಿದ್ದು ಯಾಕೆ? ಸರ್ವಿಸ್ ಟೈಮ್ ಬಂತು ಅಂತ ಬದಲಿಸಿದ್ದರೆ ಈ ಬರಹ ನಿಮಗೇ. ಮೊದಲೇ ಮಿಸ್ ಹೊಡೆಯುತ್ತಿತ್ತು, ಅದಕ್ಕೇ ಬದಲಿಸಿದ್ದು ಅಂತಾದರೆ ಹಳೆಯ ರೋಗ ಹಾಗೇ ಉಳಿದಿರಬಹುದು. ಆಗ ಹಂತ 1ರಿಂದ 6ರವರೆಗೆ ಬೇಗ ಮುಗಿಸಿ, 7 ಮತ್ತು 10ನೇ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂರುವ ಮೂರು ಅಥವಾ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರುಗಳ ಬಗ್ಗೆ. ಪ್ಲಗ್ ವೈರ್ ಇರುವ ಹಳೆಯ ಕಾರುಗಳಿಗೆ ಹಂತ 9 ಇದೆ.

## ಶುರು ಮಾಡುವ ಮೊದಲು: ಎಂಜಿನ್ ತಕ್ಷಣ ಆಫ್ ಮಾಡಬೇಕಾದ ಲಕ್ಷಣಗಳು

ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನೋಡಿಕೊಳ್ಳಲು ಸಮಯವಿದೆ ಅಂತ ಅರ್ಥ. ಅದೇ ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡಲು ಇರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿರುವ ಜೇನುಗೂಡಿನಂಥ ಸೆರಾಮಿಕ್ ಮಿತಿ ಮೀರಿ ಕಾದು ಕರಗಿಬಿಡಬಹುದು. "ಮೆಕ್ಯಾನಿಕ್ ಹತ್ರ ಹತ್ತೇ ಕಿಲೋಮೀಟರ್, ಹೇಗೋ ಓಡಿಸ್ಕೊಂಡು ಹೋಗ್ತೀನಿ" ಅನ್ನುವ ನಿರ್ಧಾರ ಒಂದು ಪ್ಲಗ್ ಸೆಟ್ಟಿನ ಬೆಲೆಗಿಂತ ಎಷ್ಟೋ ಪಟ್ಟು ಖರ್ಚು ತರಬಹುದು.

ಇನ್ನು ಮೂರು ಲಕ್ಷಣಗಳಿವೆ. ಬಾನೆಟ್ ಕೆಳಗೆ ಹಸಿ ಪೆಟ್ರೋಲ್ ವಾಸನೆ. ಎಂಜಿನ್ ಒಳಗಿನಿಂದ ಲೋಹ ಲೋಹಕ್ಕೆ ಬಡಿದಂಥ ಟಕ ಟಕ ಸದ್ದು. ಪ್ಲಗ್ ಇರುವ ಗುಂಡಿಯಿಂದ ಚುಸ್ ಚುಸ್ ಅಂತ ಗಾಳಿ ಹೊರಬರುವುದು. ಇದರಲ್ಲಿ ಯಾವುದು ಕಂಡರೂ ಎಂಜಿನ್ ಆಫ್ ಮಾಡಿ. ಮೂರನೆಯದು ಪ್ಲಗ್ ಸಡಿಲವಾಗಿದೆ ಅಥವಾ ಥ್ರೆಡ್ ಹತ್ತಿಲ್ಲ ಎಂಬುದರ ಗುರುತು. ಹಾಗೇ ಓಡಿಸಿದರೆ ಹೆಡ್ಡಿನ (ಪ್ಲಗ್ ಕೂರುವ, ಎಂಜಿನ್ನಿನ ಮೇಲ್ಭಾಗ) ಥ್ರೆಡ್ ಕಿತ್ತುಕೊಂಡು ಹೋಗುತ್ತದೆ.

## ಏನೇನು ಬೇಕು

ಪ್ಲಗ್ ಸಾಕೆಟ್ ಬೇಕು. ಈಗಿನ ಬಹಳಷ್ಟು ಕಾರುಗಳಿಗೆ 16 ಮಿ.ಮೀ., ಕೆಲವಕ್ಕೆ 14, ಹಳೆಯವಕ್ಕೆ 21. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ ಸಾಕೆಟ್ಟನ್ನೇ ತೆಗೆದುಕೊಳ್ಳಿ. ಮಾಮೂಲಿ ಸಾಕೆಟ್ಟಿನಲ್ಲಿ ಪ್ಲಗ್ ಜಾರಿ ಗುಂಡಿಗೆ ಬೀಳುತ್ತದೆ. ಇದರ ಜೊತೆ ಉದ್ದನೆಯ ಎಕ್ಸ್‌ಟೆನ್ಷನ್, ರ‍್ಯಾಚೆಟ್, ಕಾಯಿಲ್ ಬೋಲ್ಟಿಗೆ 8 ಅಥವಾ 10ರ ಸಾಕೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಒಳ್ಳೆಯ ಟಾರ್ಚ್.

ಎಷ್ಟು ಬಲ ಹಾಕಿ ಬಿಗಿ ಮಾಡುತ್ತಿದ್ದೀರಿ ಅಂತ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಕೂಡ ಕೊಂಡಿಟ್ಟುಕೊಳ್ಳಿ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕದೇ ಸಾಕು. ನಮ್ಮ ದೇಶದಲ್ಲಿ ಏಪ್ರಿಲ್ 2013ರಿಂದ ಈಚೆಗೆ ಬಂದ ಪೆಟ್ರೋಲ್ ಕಾರುಗಳಲ್ಲಿ ಒಬಿಡಿ-2 ಇರುತ್ತದೆ. ಸ್ಟೀರಿಂಗ್ ಕೆಳಗೆ ಕೈಯಾಡಿಸಿದರೆ 16 ಪಿನ್ನಿನ ಸಾಕೆಟ್ ಸಿಗುತ್ತದೆ.

ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ಎಸೆದಿದ್ದರೆ ಹುಡುಕಿ ತನ್ನಿ. ಅವು ಬೇಕಾಗುತ್ತವೆ.

## ಹಂತ 1: ಕೇಳಿ, ಯಾವಾಗ ನಡುಗುತ್ತದೆ ಅಂತ ಬರೆದುಕೊಳ್ಳಿ

ಮುಟ್ಟುವ ಮೊದಲು ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಕೇಳಿ. ದೀಪ ಮಿನುಗುತ್ತಿದ್ದರೆ ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋಗಿ.

ನಡುಕಕ್ಕೆ ಒಂದು ತಾಳ ಇದೆಯಾ? ಕುಂಟುವವರ ನಡಿಗೆಯ ಹಾಗೆ ಒಂದೇ ಸಮನೆ ಬರುತ್ತಿದ್ದರೆ ಒಂದು ಸಿಲಿಂಡರ್ ಪೂರ್ತಿ ಕೆಲಸ ನಿಲ್ಲಿಸಿದೆ. ಕಾಯಿಲ್ಲಿಗೆ ವೈರ್ ಸೇರುವ ಕನೆಕ್ಟರ್, ಕಾಯಿಲ್, ಆ ಒಂದು ಪ್ಲಗ್, ಇವೇ ಸಂಶಯದ ಜಾಗಗಳು. ತಾಳವಿಲ್ಲದೆ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ ಗಾಳಿ ಸೋರುತ್ತಿರಬಹುದು, ಯಾವುದೋ ಹೋಸ್ ಹಾಕಲು ಮರೆತಿರಬಹುದು.

ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು, ಏರು ರಸ್ತೆಯಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಜಗ್ಗುತ್ತಿದ್ದರೆ ಪ್ಲಗ್ಗಿನ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು) ಜಾಸ್ತಿಯಾಗಿದೆ, ಬಿಳಿ ಪಿಂಗಾಣಿ ಬಿರುಕು ಬಿಟ್ಟಿದೆ, ಅಥವಾ ಕಾಯಿಲ್ ಕೆಳಗಿನ ರಬ್ಬರ್ ಹರಿದಿದೆ. ಎಕ್ಸಲೇಟರ್ ಒತ್ತಿದಾಗ ಸಿಲಿಂಡರಿನಲ್ಲಿ ಒತ್ತಡ ಏರುತ್ತದೆ, ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಆ ವೋಲ್ಟೇಜ್ ಎಲ್ಲಿ ಸುಲಭದ ದಾರಿ ಸಿಗುತ್ತದೋ ಅಲ್ಲಿಂದ ಸೋರಿಹೋಗುತ್ತದೆ. ತದ್ವಿರುದ್ಧವಾಗಿ, ಐಡ್ಲಿಂಗ್‌ನಲ್ಲಿ ಮಾತ್ರ ಮಿಸ್ ಹೊಡೆದು ರೇಸ್ ಮಾಡಿದರೆ ಸರಿಹೋಗುತ್ತಿದ್ದರೆ ಗ್ಯಾಪ್ ತೀರಾ ಕಿರಿದಾಗಿರಬಹುದು. ಪ್ಲಗ್ ಕೈಜಾರಿ ಬಿದ್ದಿತ್ತಾ ನೆನಪಿಸಿಕೊಳ್ಳಿ.

ಕೆಲಸ ಮಾಡುವಾಗ ಬ್ಯಾಟರಿ ಕಳಚಿದ್ದಿರಾ? ಹಾಗಿದ್ದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತಾನು ಕಲಿತಿದ್ದ ಐಡ್ಲಿಂಗ್ ಲೆಕ್ಕ ಮರೆತಿರುತ್ತದೆ. ಎಸಿ, ಲೈಟು, ಎಲ್ಲ ಆಫ್ ಮಾಡಿ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಹತ್ತು ನಿಮಿಷ ಬಿಡಿ. ಆಮೇಲೆ ಸ್ವಲ್ಪ ದೂರ ನಿಧಾನಕ್ಕೆ ಓಡಿಸಿ. ನಿಮ್ಮ ಕಾರಿನ ಪುಸ್ತಕದಲ್ಲಿ ಇದಕ್ಕೆ ಬೇರೆ ಕ್ರಮ ಹೇಳಿದ್ದರೆ ಹಾಗೇ ಮಾಡಿ. ತಾಳವಿಲ್ಲದ ಸಣ್ಣ ನಡುಕ ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತದೆ. ಒಂದು ಸಿಲಿಂಡರ್ ಸತ್ತ ನಡುಕ ಮಾತ್ರ ಹೀಗೆ ಹೋಗುವುದಿಲ್ಲ.

## ಹಂತ 2: ಸ್ಪ್ಯಾನರ್ ಎತ್ತದೆ, ಕಣ್ಣು ಮತ್ತು ಬೆರಳಲ್ಲಿ ನೋಡಿ

ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಈಗ ಪ್ರತಿ ಕಾಯಿಲ್ಲಿನ ಕನೆಕ್ಟರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಸರಿಯಾಗಿ ಕೂತಿದ್ದರೆ ಬರುವುದಿಲ್ಲ. ಅರ್ಧ ಕೂತ ಕನೆಕ್ಟರ್ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ, ಎಳೆದರೆ ಜಾರಿ ಕೈಗೆ ಬರುತ್ತದೆ. ಒಳಗೆ ತಳ್ಳಿದಾಗ ಲಾಕ್ ಟಕ್ ಅನ್ನಬೇಕು. ಸದ್ದು ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಹತ್ತು ವರ್ಷ ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್ ಲಾಕ್ ಬಿಸ್ಕತ್ತಿನಂತೆ ಮುರಿದಿರುತ್ತದೆ. ಹಾಗಿದ್ದರೆ ತಾತ್ಕಾಲಿಕವಾಗಿ ಒಂದು ಕೇಬಲ್ ಟೈ ಹಾಕಿ ಬಿಗಿ ಮಾಡಿ, ಮುಂದೆ ಕನೆಕ್ಟರ್ ಬದಲಿಸಿ.

ಆಮೇಲೆ ಏರ್ ಫಿಲ್ಟರ್ ಬಾಕ್ಸ್ ಕಡೆ ಬನ್ನಿ. ಬಹಳ ಕಾರುಗಳಲ್ಲಿ ಕಾಯಿಲ್ ಮುಟ್ಟಬೇಕಾದರೆ ಇದನ್ನು ತೆಗೆಯಲೇಬೇಕು. ಇದಕ್ಕೆ ಅಂಟಿಕೊಂಡು ಒಂದೆರಡು ಸಣ್ಣ ಹೋಸ್‌ಗಳು, ಗಾಳಿ ಅಳೆಯುವ ಸೆನ್ಸರಿನ ಕನೆಕ್ಟರ್ ಇರುತ್ತವೆ. ಟ್ಯಾಪೆಟ್ ಕವರ್‌ನಿಂದ (ಹೆಡ್ಡಿನ ಮೇಲಿನ ಮುಚ್ಚಳ) ಬರುವ ದಪ್ಪ ಹೋಸ್ ಅಡಿಭಾಗದಲ್ಲಿ ಸೇರುವುದರಿಂದ ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿ, ಕೈ ಹಾಕಿ ಮುಟ್ಟಿ ನೋಡಿ. ಬಾಯಿ ತೆರೆದುಕೊಂಡ ಹೋಸ್ ಸಿಕ್ಕರೆ ಕಾರಣ ಸಿಕ್ಕಿದಂತೆಯೇ.

ಒಂದು ಇಲಿಯ ವಿಷಯ. ಬಿಚ್ಚಿದ ಕಾರು ಒಂದು ರಾತ್ರಿ ಶೆಡ್ಡಿನಲ್ಲಿ ನಿಂತಿದ್ದರೆ ವೈರ್ ಉದ್ದಕ್ಕೂ ಕಣ್ಣಾಡಿಸಿ. ಕಾಯಿಲ್ಲಿನ ಸಣ್ಣ ವೈರ್‌ಗಳು ಇಲಿಗೆ ಬಹಳ ಇಷ್ಟ. ಅಡಿಕೆ ತೋಟದ ಮನೆಯಾದರೂ ಅಷ್ಟೇ, ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗ್ ಆದರೂ ಅಷ್ಟೇ.

## ಹಂತ 3: ಕೋಡ್ ಓದಿ

ಸ್ಕ್ಯಾನರ್ ಇದ್ದರೆ ಈಗ ಹಾಕಿ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೆಯದು, ಹೀಗೇ ಮುಂದೆ. ಪಿ0300 ಅಂದರೆ ಇಂಥದ್ದೇ ಅಂತಿಲ್ಲ, ಹಲವು ಸಿಲಿಂಡರ್ ಮಿಸ್. ಪಿ0351ರಿಂದ ಪಿ0354ರವರೆಗಿನವು ಕಾಯಿಲ್ಲಿನ ಸರ್ಕ್ಯೂಟಿಗೆ ಸಂಬಂಧಿಸಿದವು. ಪ್ಲಗ್ ಬದಲಿಸಿದ ದಿನವೇ ಈ ಕೋಡ್ ಬಂದರೆ ಕಾಯಿಲ್ ಕೊಳ್ಳಲು ಓಡಬೇಡಿ, ಕನೆಕ್ಟರನ್ನೇ ಇನ್ನೊಮ್ಮೆ ನೋಡಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬಿಟ್ಟುಹೋದ ಹೋಸ್ ನೆನಪಿಸಿಕೊಳ್ಳಿ.

ಕೋಡ್ ಬರೆದಿಟ್ಟುಕೊಂಡು ಆಮೇಲೆ ಅಳಿಸಿ. ಅಳಿಸದೆ ಬಿಟ್ಟರೆ ಹಳೆಯದು ಯಾವುದು, ಹೊಸದು ಯಾವುದು ಅಂತ ಗೊಂದಲವಾಗುತ್ತದೆ. ಒಂದನೇ ಸಿಲಿಂಡರ್ ಯಾವ ತುದಿಯಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ಬೆಲ್ಟ್ ಅಥವಾ ಟೈಮಿಂಗ್ ಚೈನ್ ಇರುವ ಕಡೆಯದು ಒಂದು.

## ಹಂತ 4: ಸ್ಕ್ಯಾನರ್ ಇಲ್ಲದಿದ್ದರೆ ಸತ್ತ ಸಿಲಿಂಡರ್ ಹುಡುಕುವುದು

ಎಂಜಿನ್ ಆಫ್ ಇರುವಾಗ ಒಂದು ಕಾಯಿಲ್ಲಿನ ಕನೆಕ್ಟರ್ ಮಾತ್ರ ಕಳಚಿ, ಸ್ಟಾರ್ಟ್ ಮಾಡಿ, ಐದು ಸೆಕೆಂಡ್ ಕೇಳಿ, ಆಫ್ ಮಾಡಿ. ಅದನ್ನು ಸಿಕ್ಕಿಸಿ, ಮುಂದಿನದು ಕಳಚಿ. ಚೆನ್ನಾಗಿರುವ ಸಿಲಿಂಡರಿನದ್ದು ಕಳಚಿದರೆ ನಡುಕ ಎದ್ದುಕಾಣುವಷ್ಟು ಜಾಸ್ತಿಯಾಗುತ್ತದೆ. ಯಾವುದನ್ನು ಕಳಚಿದಾಗ ಏನೂ ವ್ಯತ್ಯಾಸ ಆಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಇಂಜೆಕ್ಟರ್ ಕನೆಕ್ಟರ್ ಕೈಗೆ ಸಿಗುವ ಹಾಗಿದ್ದರೆ ಕಾಯಿಲ್ ಬದಲು ಅದನ್ನು ಕಳಚಿ. ಆಗ ಹಸಿ ಪೆಟ್ರೋಲ್ ಸೈಲೆನ್ಸರಿಗೆ ಹೋಗುವುದಿಲ್ಲ.

ಎಂಜಿನ್ ಓಡುತ್ತಿರುವಾಗ ಕಾಯಿಲ್ಲನ್ನೇ ಮೇಲಕ್ಕೆ ಎತ್ತುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಹಾರ್ಟಿಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ನಿನ ಕಾಯಿಲ್ ಹತ್ತಿರ ಹೋಗಲೇಬಾರದು. ಕಿಡಿ ಹಾರಲು ಜಾಗವಿಲ್ಲದೆ ಒಳಗೇ ಹಾರಿದರೆ ಚೆನ್ನಾಗಿದ್ದ ಕಾಯಿಲ್ಲೂ ಸುಡುತ್ತದೆ.

ಪ್ಲಗ್ ಹೊರಗೆ ತೆಗೆದು ಹೆಡ್ಡಿನ ಮೇಲಿಟ್ಟು ಸೆಲ್ಫ್ ಹೊಡೆದು ಕಿಡಿ ನೋಡುವುದೂ ಬೇಡ. ತೆರೆದ ಪ್ಲಗ್ ಗುಂಡಿಯಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಪಕ್ಕದಲ್ಲೇ ಕಿಡಿ. ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡರೂ ಉತ್ತರ ಸಿಗುವುದಿಲ್ಲ. ಬಯಲು ಗಾಳಿಯಲ್ಲಿ ದುರ್ಬಲ ಕಾಯಿಲ್ ಕೂಡ ಕಿಡಿ ಹಾರಿಸುತ್ತದೆ. ಸಿಲಿಂಡರಿನ ಒತ್ತಡದಲ್ಲಿ ಹಾರಿಸುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ.

## ಹಂತ 5: ಕಾಯಿಲ್ ಮೇಲೆತ್ತಿ, ರಬ್ಬರ್ ಮತ್ತು ಗುಂಡಿ ನೋಡಿ

ಎಂಜಿನ್ ತಣ್ಣಗಾಗಿರಬೇಕು. ಸಂಶಯ ಬಂದ ಸಿಲಿಂಡರಿನ ಕಾಯಿಲ್ ಬೋಲ್ಟ್ ಬಿಚ್ಚಿ, ಕಾಯಿಲ್ಲನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ ನೆಟ್ಟಗೆ ಎತ್ತಿ. ಓರೆಯಾಗಿ ಎಳೆದರೆ ರಬ್ಬರ್ ಹರಿಯುತ್ತದೆ.

ಕಾಯಿಲ್ ಕೆಳಗಿನ ಉದ್ದನೆಯ ರಬ್ಬರ್ ಕೊಳವೆಯ ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಕಾಯಿಲ್ಲಿನ ಕರೆಂಟ್ ಪ್ಲಗ್ಗಿಗೆ ಇಳಿಯುವುದು ಅದರ ಮೂಲಕ. ನನ್ನ ಕಾರಿನಲ್ಲಿ ಒಮ್ಮೆ ಹಳೆಯ ರಬ್ಬರ್ ಕಾಯಿಲ್ಲಿನಿಂದ ಕಳಚಿ ಪ್ಲಗ್ಗಿಗೇ ಅಂಟಿಕೊಂಡಿತ್ತು. ಪ್ಲಗ್ ಜೊತೆ ಅದನ್ನು ಎಳೆದು ತೆಗೆದು, ಕಾಯಿಲ್ಲಿಗೆ ಮತ್ತೆ ಸಿಕ್ಕಿಸಿ, ಎಲ್ಲ ಜೋಡಿಸಿದೆ. ಮೂರನೇ ಸಿಲಿಂಡರ್ ಸತ್ತಿತ್ತು. ಎರಡು ದಿನ ಕಾಯಿಲ್, ಪ್ಲಗ್ ಅಂತ ಹುಡುಕಿದ ಮೇಲೆ ನೆಲ ಗುಡಿಸುವಾಗ ಸಿಕ್ಕಿತು, ಹಳೆಯ ಪ್ಲಗ್ ಸುತ್ತಿಟ್ಟಿದ್ದ ಪೇಪರಿನೊಳಗೆ, ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸ್ವಲ್ಪ ದಪ್ಪನೆಯ ಆ ಸ್ಪ್ರಿಂಗ್. ಅಂದಿನಿಂದ ರಬ್ಬರ್ ಒಳಗೆ ಟಾರ್ಚ್ ಬಿಟ್ಟು ಸ್ಪ್ರಿಂಗಿನ ತುದಿ ಕಂಡ ಮೇಲೇ ಕಾಯಿಲ್ ಕೂರಿಸುತ್ತೇನೆ. ನೀವೂ ಹಾಗೇ ಮಾಡಿ.

ರಬ್ಬರಿನ ಮೇಲೆ ಸಣ್ಣ ಸೀಳು, ಸೂಜಿ ಚುಚ್ಚಿದಂಥ ತೂತು, ಬೂದಿ ಬಣ್ಣದ ಕಲೆ ಇದೆಯಾ ನೋಡಿ. ಮಡಚಿದಾಗ ಬಿರುಕು ಬಾಯಿ ಬಿಟ್ಟರೆ ಆ ರಬ್ಬರ್ ಮುಗಿದಿದೆ. ಬಹಳಷ್ಟು ಕಾಯಿಲ್‌ಗಳಿಗೆ ಈ ರಬ್ಬರ್ ಬೇರೆಯಾಗಿ ಸಿಗುತ್ತದೆ. ಪೂರ್ತಿ ಕಾಯಿಲ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಅದನ್ನು ಕೇಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹಳೆಯ ರಬ್ಬರ್ ಕೈಯಲ್ಲಿ ಹಿಡಿದು ಹೋದರೆ ಅಳತೆ ನೋಡಿ ತರಬಹುದು.

ಇನ್ನು ಗುಂಡಿ. ನೀರಿದೆಯಾ? ಮಳೆಗಾಲದಲ್ಲಿ, ಅಥವಾ ಪ್ಲಗ್ ಹಾಕುವ ಮೊದಲು ಎಂಜಿನ್ನಿಗೆ ನೀರು ಹೊಡೆಸಿದ್ದರೆ, ಇದು ಸಾಮಾನ್ಯ. ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿ, ಗಾಳಿ ಹೊಡೆದು ಒಣಗಿಸಿ. ಎಣ್ಣೆ ಇದೆಯಾ? ಟ್ಯಾಪೆಟ್ ಕವರಿನ ಸೀಲ್ ಹೋಗಿದೆ. ಎಣ್ಣೆ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಕರೆಂಟ್ ಸೋರುತ್ತದೆ. ಒರೆಸಿದರೆ ಕೆಲವು ದಿನ ಸರಿಹೋಗುತ್ತದೆ, ಸೀಲ್ ಬದಲಿಸುವವರೆಗೆ ಮತ್ತೆ ಮತ್ತೆ ಬರುತ್ತದೆ.

## ಹಂತ 6: ಪ್ಲಗ್ ಹೊರಗೆ ತೆಗೆದು ಬೆಳಕಿನಲ್ಲಿ ನೋಡಿ

ಪ್ಲಗ್ ಬಿಚ್ಚುವ ಮೊದಲು ಗುಂಡಿಗೆ ಗಾಳಿ ಹೊಡೆಯಿರಿ, ಮರಳು ಸಿಲಿಂಡರಿಗೆ ಬೀಳಬಾರದು. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪ್ ಸಾಕು. ಕಣ್ಣಿಗೆ ಕನ್ನಡಕ ಇರಲಿ.

ಬಿಚ್ಚುವಾಗಲೇ ಒಂದು ವಿಷಯ ಗಮನಿಸಿ. ರ‍್ಯಾಚೆಟ್ಟಿಗೆ ಬಲ ಹಾಕದೆ ಬೆರಳಲ್ಲೇ ತಿರುಗಿತಾ? ಹಾಗಿದ್ದರೆ ಪ್ಲಗ್ ಬಿಗಿಯಾಗಿಯೇ ಇರಲಿಲ್ಲ. ಬಹುಶಃ ತಪ್ಪು ಸಿಕ್ಕಿತು. ಪ್ಲಗ್ ಚೆನ್ನಾಗಿದ್ದರೆ ಹಂತ 8ರಲ್ಲಿ ಹೇಳಿದಂತೆ ಬಿಗಿಮಾಡಿ ನೋಡಿ.

ಈಗ ಬಿಳಿ ಪಿಂಗಾಣಿ. ಕೈಯಲ್ಲಿ ತಿರುಗಿಸುತ್ತ ಟಾರ್ಚ್ ಬೆಳಕಿನಲ್ಲಿ ನೋಡಿ. ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಮೇಲಿಂದ ಕೆಳಗೆ ಇಳಿದಿದ್ದರೆ ಕರೆಂಟ್ ಹೊರಗಿನಿಂದಲೇ ಹಾರಿಹೋಗುತ್ತಿದೆ. ಒರೆಸಿದರೆ ಗೆರೆ ಹೋಗಬಹುದು, ಆದರೆ ಆ ಪ್ಲಗ್ ಮತ್ತೆ ಹಾಕಬೇಡಿ. ಎದುರಿಗಿದ್ದ ರಬ್ಬರಿನ ಒಳಗೂ ಅಂಥದ್ದೇ ಗೆರೆ ಇರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು, ಒಂದನ್ನು ಬಿಟ್ಟರೆ ಅದು ಇನ್ನೊಂದನ್ನು ಕೆಡಿಸುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೆ ಸಾಕೆಟ್ ಓರೆಯಾಗಿ ಹಿಡಿದು ಬಿಗಿ ಮಾಡಿದ್ದರಿಂದ ಆಗಿದೆ. ಹೊಸ ಪ್ಲಗ್ ಸಾಯುವುದು ಹೆಚ್ಚಾಗಿ ಹೀಗೇ. ಲೋಹದ ಅಂಚಿನ ಪಕ್ಕ ಪಿಂಗಾಣಿಯ ಸುತ್ತ ಕಂದು ಉಂಗುರದಂಥ ಕಲೆ ಮಾತ್ರ ಇದ್ದರೆ ಹೆದರಬೇಡಿ, ಅದರಿಂದ ತೊಂದರೆ ಇಲ್ಲ.

ಪ್ಲಗ್ಗಿನ ತಲೆಯ ಮೇಲಿನ ಸಣ್ಣ ನಟ್ ಕೆಲವು ಪ್ಲಗ್‌ಗಳಲ್ಲಿ ತಿರುಗಿಸಿ ಬಿಚ್ಚುವ ಹಾಗಿರುತ್ತದೆ. ಪ್ಯಾಕೆಟ್ಟಿನಿಂದ ಬರುವಾಗಲೇ ಸಡಿಲ ಇರಬಹುದು. ಬೆರಳಲ್ಲಿ ಅಲುಗಾಡಿಸಿ ನೋಡಿ, ಅಲುಗಿದರೆ ಇಕ್ಕಳದಲ್ಲಿ ಮೆಲ್ಲಗೆ ಬಿಗಿ ಮಾಡಿ. ಬೈಕ್ ಪ್ಲಗ್ ಬದಲಿಸುವವರಿಗೂ ಇದು ಅನ್ವಯಿಸುತ್ತದೆ. ಕೆಲವು ಕ್ಯಾಪ್‌ಗಳಿಗೆ ನಟ್ ಬೇಕು, ಕೆಲವಕ್ಕೆ ಬೇಡ. ಹಳೆಯ ಪ್ಲಗ್ಗಿನಲ್ಲಿ ಹೇಗಿತ್ತೋ ಹಾಗೇ ಇರಬೇಕು.

ಗ್ಯಾಪ್ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ ಇದು 0.7ರಿಂದ 1.1 ಮಿ.ಮೀ. ಒಳಗಿರುತ್ತದೆ. ನಿಮ್ಮದಕ್ಕೆ ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ನೋಡಿ. ಪ್ರತಿ ಪ್ಲಗ್ಗೂ ಅಷ್ಟೇ ಇರಬೇಕು. ಮಾಮೂಲಿ ನಿಕ್ಕಲ್ ಪ್ಲಗ್ ಆದರೆ ಹೊರಗಿನ ಕೊಕ್ಕೆಯನ್ನು ಮೆಲ್ಲಗೆ ಬಗ್ಗಿಸಿ ಸರಿಮಾಡಬಹುದು. ಇರಿಡಿಯಂ ಪ್ಲಗ್ಗಿನ ನಡುವಿನ ತುದಿ ಸೂಜಿಯಷ್ಟು ತೆಳ್ಳಗೆ. ಅದಕ್ಕೆ ಊರಿಕೊಂಡು ಬಗ್ಗಿಸಲು ಹೋದರೆ ಮುರಿಯುತ್ತದೆ. ಗ್ಯಾಪ್ ತಪ್ಪಾಗಿದ್ದರೆ ಅಂಗಡಿಗೆ ವಾಪಸ್ ಕೊಡಿ. ನೆಲಕ್ಕೆ ಬಿದ್ದ ಪ್ಲಗ್ ಯಾವುದೇ ಆಗಲಿ, ಹಾಕಬೇಡಿ.

ಕೊನೆಗೆ ನಂಬರ್. ಹಳೆಯ ಪ್ಲಗ್ ಪಕ್ಕದಲ್ಲಿಟ್ಟು ಹೋಲಿಸಿ. ಥ್ರೆಡ್ ಭಾಗದ ಉದ್ದ ಒಂದೇ ಇರಬೇಕು. ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ತಗುಲಬಹುದು, ಕಡಿಮೆಯಾದರೆ ಕಿಡಿ ಒಳಗಿನ ಮೂಲೆಯಲ್ಲೇ ಹಾರಿ ಸರಿಯಾಗಿ ಉರಿಯುವುದಿಲ್ಲ. ಉಷ್ಣತೆಯ ನಂಬರಿನಲ್ಲಿ, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಬಿಡುತ್ತದೆ ಅನ್ನುವ ಅಂಕಿಯಲ್ಲಿ, ಬಹಳ ಜನ ಎಡವುತ್ತಾರೆ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ 'ತಣ್ಣಗೆ', ಬಾಷ್‌ನಲ್ಲಿ ನಂಬರ್ ದೊಡ್ಡದಾದಷ್ಟೂ 'ಬಿಸಿ'. ಒಂದು ಕಂಪನಿಯ ನಂಬರ್ ನೋಡಿ ಇನ್ನೊಂದರಲ್ಲಿ ಅದೇ ಅಂಕಿ ಹುಡುಕಿದರೆ ತಪ್ಪು ಪ್ಲಗ್ ಬರುತ್ತದೆ. ಬಿಪಿಆರ್6ಇಎಸ್ ಅನ್ನುವ ಹೆಸರಿನಲ್ಲಿ 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ ಅಂತ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿಯ ಗಲಾಟೆ ರೇಡಿಯೋದಲ್ಲಿ ಕೇಳಿಸುತ್ತದೆ, ಇಸಿಯುವಿಗೂ ತೊಂದರೆ ಕೊಡುತ್ತದೆ.

ನಕಲಿ ಪ್ಲಗ್‌ಗಳು ಮಾರ್ಕೆಟ್ಟಿನಲ್ಲಿ ಇವೆ. ಪಿಂಗಾಣಿ ಮೇಲಿನ ಅಕ್ಷರ ಉಗುರಿಗೆ ಕೆರೆದು ಬಂದರೆ, ಥ್ರೆಡ್ ಒರಟಾಗಿದ್ದರೆ, ಹೊರಗಿನ ಕೊಕ್ಕೆ ನಡುವಿನ ತುದಿಯ ನೇರಕ್ಕೆ ಇಲ್ಲದಿದ್ದರೆ ನಂಬಬೇಡಿ.

## ಹಂತ 7: ಅದಲು ಬದಲು ಮಾಡಿ, ಒಂದು ಸಲಕ್ಕೆ ಒಂದೇ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ನಂಬಬಹುದಾದ ಪರೀಕ್ಷೆ ಇದು. ಖರ್ಚೂ ಇಲ್ಲ.

ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂದುಕೊಳ್ಳಿ. ಅದರ ಕಾಯಿಲ್ಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಪ್ಲಗ್ ಮುಟ್ಟಬೇಡಿ. ಸ್ಟಾರ್ಟ್ ಮಾಡಿ ನೋಡಿ. ಮಿಸ್ ಮೂರಕ್ಕೆ ಹೋಯಿತಾ? ತಪ್ಪು ಕಾಯಿಲ್ಲಿನಲ್ಲಿ ಅಥವಾ ಅದರ ರಬ್ಬರಿನಲ್ಲಿ. ಎರಡರಲ್ಲೇ ಉಳಿಯಿತಾ? ಈಗ ಪ್ಲಗ್ ಅದಲು ಬದಲು ಮಾಡಿ. ಮಿಸ್ ಪ್ಲಗ್ ಜೊತೆ ಹೋದರೆ ಹೊಸ ಪ್ಲಗ್ಗೇ ಕೆಟ್ಟಿದೆ. ಇನ್ನೂ ಎರಡರಲ್ಲೇ ಇದ್ದರೆ ವೈರಿಂಗ್, ಇಂಜೆಕ್ಟರ್ ಅಥವಾ ಎಂಜಿನ್ ಒಳಗಿನ ತೊಂದರೆ.

ಅವಸರಕ್ಕೆ ಕಾಯಿಲ್ಲೂ ಪ್ಲಗ್ಗೂ ಒಟ್ಟಿಗೆ ಬದಲಿಸಿದರೆ ಕಾರು ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಹಳೆಯ ಪ್ಲಗ್ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಎಲ್ಲ ಸಿಲಿಂಡರೂ ಏರುಪೇರಾಗಿದ್ದರೆ ಹಳೆಯ ಸೆಟ್ಟನ್ನೇ ಮತ್ತೆ ಹಾಕಿ ನೋಡಿ. ಎಂಜಿನ್ ಸರಿಹೋದರೆ ಹೊಸ ಸೆಟ್ ತಪ್ಪು ನಂಬರಿನದು ಅಥವಾ ನಕಲಿ.

ಮಲ್ಟಿಮೀಟರಿನಲ್ಲಿ ಕಾಯಿಲ್ ಓಮ್ಸ್ ಅಳೆದು ತೀರ್ಮಾನ ಮಾಡುವವರಿದ್ದಾರೆ. ಈಗಿನ ಬಹಳಷ್ಟು ಕಾಯಿಲ್‌ಗಳ ಒಳಗೇ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದರಿಂದ ಆ ಅಳತೆಗೆ ಅರ್ಥವಿಲ್ಲ.

## ಹಂತ 8: ಮತ್ತೆ ಹಾಕುವ ಸರಿಯಾದ ಕ್ರಮ

ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸಿ, ರ‍್ಯಾಚೆಟ್ ಇಲ್ಲದೆ ಎಕ್ಸ್‌ಟೆನ್ಷನ್ ಮಾತ್ರ ಬೆರಳಲ್ಲಿ ಹಿಡಿದು ಇಳಿಸಿ. ಮೊದಲು ಉಲ್ಟಾ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಕಡೆ ಸಣ್ಣಗೆ ಟುಕ್ ಅಂತ ಕೆಳಗಿಳಿದ ಹಾಗಾಗುತ್ತದೆ. ಥ್ರೆಡ್ ಶುರುವಾಗುವ ಜಾಗ ಅದು. ಅಲ್ಲಿಂದ ಬಿಗಿ ಮಾಡುವ ದಿಕ್ಕಿಗೆ ಬೆರಳಲ್ಲೇ ತಿರುಗಿಸಿ. ನಾಲ್ಕೈದು ಸುತ್ತು ಎಣ್ಣೆ ಹಚ್ಚಿದಂತೆ ಹೋಗಬೇಕು. ಒಂದು ಸುತ್ತಿಗೇ ಗಟ್ಟಿಯಾದರೆ ನಿಲ್ಲಿಸಿ, ಬಿಚ್ಚಿ, ಮತ್ತೆ ಶುರು ಮಾಡಿ. ರ‍್ಯಾಚೆಟ್ ಹಾಕಿ ಬಲವಂತ ಮಾಡಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋಗುತ್ತದೆ.

ಟಾರ್ಕ್ ಎಷ್ಟು? ಕಾರಿನ ಪುಸ್ತಕದ ಅಂಕಿಯೇ ಕೊನೆಯ ಮಾತು. ಅದು ಸಿಗದಿದ್ದರೆ ವಾಷರ್ ಇರುವ ಪ್ಲಗ್ಗಿಗೆ ಸಾಮಾನ್ಯವಾಗಿ 14 ಮಿ.ಮೀ. ಥ್ರೆಡ್ಡಾದರೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಆದರೆ 15ರಿಂದ 20, 10 ಮಿ.ಮೀ. ಆದರೆ 10ರಿಂದ 12. ಟಾರ್ಕ್ ರೆಂಚ್ ಇಲ್ಲದಿದ್ದರೆ ಬೆರಳಲ್ಲಿ ಪೂರ್ತಿ ಕೂತ ಮೇಲೆ ಹೊಸ ವಾಷರಿನ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು. ಒಮ್ಮೆ ಬಿಗಿಮಾಡಿ ಬಿಚ್ಚಿದ ಪ್ಲಗ್ಗಿನ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ ಗಡಿಯಾರದ ಗಂಟೆ ಮುಳ್ಳು 12ರಿಂದ 1ಕ್ಕೆ ಸರಿಯುವಷ್ಟು ತಿರುಗಿಸಿದರೆ ಸಾಕು. ವಾಷರ್ ಇಲ್ಲದೆ ಇಳಿಜಾರು ಅಂಚಿನ ಪ್ಲಗ್ ಆದರೆ ಸುತ್ತಿನ ಹದಿನಾರನೇ ಒಂದು ಭಾಗ ಮಾತ್ರ.

ಥ್ರೆಡ್ಡಿಗೆ ಗ್ರೀಸ್, ಎಣ್ಣೆ ಹಚ್ಚಬೇಡಿ. ಜಾರು ಜಾಸ್ತಿಯಾಗಿ ಗೊತ್ತಿಲ್ಲದೇ ಮಿತಿಮೀರಿ ಬಿಗಿಯಾಗುತ್ತದೆ. ರಬ್ಬರಿನ ಒಳ ಅಂಚಿಗೆ ಮಾತ್ರ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯದ ಗ್ರೀಸ್) ತೆಳ್ಳಗೆ ಸವರಿ. ಮುಂದಿನ ಸಲ ಅಂಟಿಕೊಳ್ಳುವುದಿಲ್ಲ. ಸ್ಪ್ರಿಂಗಿಗೆ ಬೇಡ.

ಕಾಯಿಲ್ ಇಳಿಸಿ ಅಂಗೈಯಲ್ಲಿ ನೆಟ್ಟಗೆ ಒತ್ತಿದರೆ ಪ್ಲಗ್ಗಿನ ತಲೆ ರಬ್ಬರಿನೊಳಗೆ ಸೇರಿದ್ದು ಕೈಗೆ ತಿಳಿಯುತ್ತದೆ. ಆಮೇಲೆ ಬೋಲ್ಟ್. ಬೋಲ್ಟಿನಿಂದಲೇ ಎಳೆದು ಕೂರಿಸಬೇಡಿ.

## ಹಂತ 9: ಪ್ಲಗ್ ವೈರ್ ಇರುವ ಕಾರುಗಳು

ಇಲ್ಲಿ ಮೊದಲ ಸಂಶಯ ವೈರ್ ಅದಲು ಬದಲಾಗಿರುವುದು. ನಾಲ್ಕು ಸಿಲಿಂಡರಿನ ಕಾರುಗಳಲ್ಲಿ ಉರಿಯುವ ಕ್ರಮ ಬಹುತೇಕ 1-3-4-2. ಎರಡು ವೈರ್ ತಪ್ಪಿದರೆ ಎಂಜಿನ್ ಕುಂಟುತ್ತ ಓಡಬಹುದು, ಅಥವಾ ಸ್ಟಾರ್ಟೇ ಆಗದೆ ಕಾರ್ಬುರೇಟರ್ ಅಥವಾ ಸೈಲೆನ್ಸರ್ ಕಡೆಯಿಂದ ಢಬ್ ಅಂತ ಸದ್ದು ಬರಬಹುದು. ಮುಂದಿನ ಸಲ ಒಂದು ವೈರ್ ಬಿಚ್ಚಿ, ಒಂದು ಪ್ಲಗ್ ಹಾಕಿ, ಅದೇ ವೈರ್ ಸಿಕ್ಕಿಸಿ, ಆಮೇಲೆ ಇನ್ನೊಂದು.

ವೈರನ್ನು ಕ್ಯಾಪ್ ಬಿಟ್ಟು ನಡುವೆ ಹಿಡಿದು ಎಳೆದಿದ್ದರೆ ಒಳಗಿನ ಎಳೆ ತುಂಡಾಗಿರಬಹುದು. ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲ ವೈರ್‌ಗಳನ್ನೂ ಅಳೆದು ಹೋಲಿಸಿ. ಉದ್ದನೆಯದಕ್ಕೆ ಸ್ವಲ್ಪ ಜಾಸ್ತಿ ಬರುವುದು ಸಹಜ. ಒಂದು ಮಾತ್ರ ಏನೂ ತೋರಿಸದಿದ್ದರೆ ಅದು ತುಂಡಾಗಿದೆ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ದೂರದಿಂದ ನೋಡಿದರೆ ಸೋರುವ ವೈರಿನಿಂದ ಸಣ್ಣ ನೀಲಿ ಕಿಡಿ ಕಾಣಿಸುತ್ತದೆ. ಕೈ ಹತ್ತಿರ ಒಯ್ಯಬೇಡಿ.

## ಹಂತ 10: ಇಷ್ಟೆಲ್ಲ ನೋಡಿದರೂ ಸರಿಯಾಗದಿದ್ದರೆ

ಸಿಎನ್‌ಜಿ ಕಿಟ್ ಇದೆಯಾ? ಮೊದಲು ಪೆಟ್ರೋಲಿಗೆ ಹಾಕಿ ಓಡಿಸಿ ನೋಡಿ. ಪೆಟ್ರೋಲಿನಲ್ಲಿ ನುಣುಪಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಜಗ್ಗಿದರೆ ಗ್ಯಾಪ್ ಅಥವಾ ಕಾಯಿಲ್ ಕಡೆ ನೋಡಿ. ಗ್ಯಾಸಿನಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ಕಾಯಿಲ್ಲಿನ ದೌರ್ಬಲ್ಯ ಅಲ್ಲಿ ಮೊದಲು ಕಾಣುತ್ತದೆ.

ಸೆಲ್ಫ್ ಜಾಸ್ತಿ ಹೊಡೆದು ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪ್ಲಗ್ ತೆಗೆದು ಒಣಗಿಸಿ, ಸಿಲಿಂಡರಿನ ಆವಿ ಹೋಗಲು ಸ್ವಲ್ಪ ಹೊತ್ತು ಬಿಡಿ. ಹಾಕಿದ ಮೇಲೆ ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಇಂಜೆಕ್ಷನ್ ಕಾರುಗಳು ಆಗ ಪೆಟ್ರೋಲ್ ನಿಲ್ಲಿಸಿ ಗಾಳಿ ಮಾತ್ರ ಎಳೆಯುತ್ತವೆ. ಎಂಜಿನ್ ಹಿಡಿದ ತಕ್ಷಣ ಕಾಲು ಎತ್ತಿ.

ಗಾಳಿ ಸೋರಿಕೆ ಹುಡುಕಲು ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಇನ್‌ಟೇಕ್ ಜೋಡಣೆ, ಹೋಸ್‌ಗಳ ತುದಿಗೆ ಸ್ವಲ್ಪ ಸ್ವಲ್ಪ ಸಿಂಪಡಿಸಿ. ಕಾಯಿಲ್, ಕನೆಕ್ಟರ್ ಕಡೆ ನೀರು ಬೀಳದಿರಲಿ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಸದ್ದು ಒಂದು ಕ್ಷಣ ಬದಲಾಗುತ್ತದೆ. ಇದಕ್ಕೆ ಕಾರ್ಬುರೇಟರ್ ಕ್ಲೀನರ್ ಬಳಸುವವರಿದ್ದಾರೆ, ಬಿಸಿ ಎಂಜಿನ್ ಮೇಲೆ ಅದಕ್ಕೆ ಬೆಂಕಿ ಹತ್ತಬಹುದು.

ಅದಲು ಬದಲು ಮಾಡಿದರೂ ಮಿಸ್ ಅದೇ ಸಿಲಿಂಡರಿನಲ್ಲಿ ಉಳಿದರೆ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅಳೆಯುವುದು) ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕಾಗುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಥ್ರೆಡ್ ಹೋಗಿದ್ದರೆ, ಪ್ಲಗ್ ಒಳಗೇ ಮುರಿದಿದ್ದರೆ, ಸಿಲಿಂಡರಿಗೆ ಏನಾದರೂ ಬಿದ್ದಿದೆ ಅನ್ನಿಸಿದರೆ ಸೆಲ್ಫ್ ಕೂಡ ಹೊಡೆಯಬೇಡಿ, ಟೋ ಮಾಡಿಸಿಕೊಂಡು ಹೋಗಿ.

ಮೆಕ್ಯಾನಿಕ್ ಹತ್ತಿರ "ಮಿಸ್ ಹೊಡೀತಿದೆ, ನೋಡಿ" ಅಂತ ಕೀ ಕೊಟ್ಟು ಬರಬೇಡಿ. "ಎರಡನೇ ಸಿಲಿಂಡರ್. ಕಾಯಿಲ್, ಪ್ಲಗ್ ಎರಡೂ ಮೂರಕ್ಕೆ ಹಾಕಿ ನೋಡಿದೆ, ಮಿಸ್ ಎರಡರಲ್ಲೇ ಉಳಿದಿದೆ" ಅಂತ ಹೇಳಿ. ಬರೆದಿಟ್ಟ ಕೋಡ್ ತೋರಿಸಿ, ಹಳೆಯ ಪ್ಲಗ್‌ಗಳನ್ನು ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಮಾಡಿ ಜೊತೆಗೆ ಕೊಡಿ.